ಪರೀಕ್ಷಿಸುವುದು ಅಪನಂಬಿಕೆಯೇ?

ನಂಬಿದ ಮೇಲೆ ಪರೀಕ್ಷೆ ಮಾಡಬಾರದು ಎನ್ನುವವರು ನಮ್ಮಲ್ಲಿ ಬಹಳ. ಗೆಳೆಯ ಕೊಟ್ಟ ಹಣವನ್ನು ಅವನ ಎದುರಿಗೇ ಎಣಿಸಲು ಮುಜುಗರಪಡುತ್ತೇವೆ. ಎಣಿಸಿದರೆ ಅವನಿಗೆ ನೋವಾಗುತ್ತದೆ ಎಂದುಕೊಳ್ಳುತ್ತೇವೆ. ಆದರೆ ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಾರಿಸಿ ಸದ್ದು ಕೇಳುತ್ತೇವೆ, ಕುಂಬಾರನಿಗೆ ಅದರಿಂದ ಏನೂ ಅನಿಸುವುದಿಲ್ಲ. ಬದಲಿಗೆ ತಾನೇ ಒಮ್ಮೆ ಬಾರಿಸಿ ತೋರಿಸುತ್ತಾನೆ. ಒಂದೇ ಕೆಲಸ ಒಂದು ಕಡೆ ಅವಮಾನ, ಇನ್ನೊಂದು ಕಡೆ ವಾಡಿಕೆ. ಹಾಗಾದರೆ ನಂಬಿಕೆಗೂ ಪರೀಕ್ಷೆಗೂ ಇರುವ ಸಂಬಂಧ ಎಂಥದು?

ಈ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿದ್ದು ತತ್ತ್ವಶಾಸ್ತ್ರದ ಪುಸ್ತಕದಲ್ಲಲ್ಲ, ಮನೆಯ ಸರ್ವರಿನ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸುವ ಕೆಲಸದಲ್ಲಿ. ಸರ್ವರ್ ಎಂದರೆ ದೊಡ್ಡದೇನಲ್ಲ. ಬೈಲಹೊಂಗಲದ ನಮ್ಮ ಮನೆಯ ಮೂಲೆಯಲ್ಲಿ ಹಗಲು ರಾತ್ರಿ ಓಡುವ ಒಂದು ಹಳೆಯ ಡೆಸ್ಕ್‌ಟಾಪ್, ಅದಕ್ಕೆ ಎರಡು ಹಾರ್ಡ್ ಡಿಸ್ಕ್, ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ತಂದು ಚುಚ್ಚಿದ ಒಂದು ನೆಟ್‌ವರ್ಕ್ ಕಾರ್ಡ್. ನನ್ನ ಸಂಶೋಧನೆಗಾಗಿ ಸವದತ್ತಿ, ರಾಮದುರ್ಗ, ಕಿತ್ತೂರು ಭಾಗದ ಹಳ್ಳಿಗಳಲ್ಲಿ ಧ್ವನಿಮುದ್ರಿಸಿಕೊಂಡ ಹಾಡು, ಮಾತು, ಸಣ್ಣಾಟದ ತಾಲೀಮು ಎಲ್ಲವೂ ಅದರಲ್ಲಿವೆ. ನನ್ನ ಜೊತೆ ಕೆಲಸ ಮಾಡುವ ಇಬ್ಬರು ಸಂಶೋಧಕರೂ ತಮ್ಮ ಕಡತಗಳನ್ನು ಅದರಲ್ಲೇ ಇಟ್ಟಿದ್ದಾರೆ, ದೂರದಿಂದಲೇ ತೆಗೆದುಕೊಳ್ಳುತ್ತಾರೆ.

ಆ ಹಾಡುಗಳಲ್ಲಿ ಒಂದಷ್ಟು ಸವದತ್ತಿ ಕಡೆಯ ಒಬ್ಬ ಅಜ್ಜಿ ಹಾಡಿದ ಚೌಡಿಕೆ ಪದಗಳು. ಧ್ವನಿಮುದ್ರಣ ಮುಗಿದ ಮೇಲೆ ಆಕೆ ಕೇಳಿದ್ದಳು: "ನನ್ನ ಪದಾ ಎಲ್ಲಿ ಇಡತೀಯೋ ತಮ್ಮಾ?"

"ನಮ್ಮ ಮನ್ಯಾಗ ಒಂದ ಕಂಪ್ಯೂಟರ್ ಐತಿ ಆಯಿ, ಅದರಾಗ ಇಡತೀನಿ."

"ಅದು ಕೆಟ್ಟರ?"

"ಇನ್ನೊಂದ ಕಡೆನೂ ಇಟ್ಟಿರತೀನಿ."

"ಹಂಗಾದರ ಆತ ಬಿಡು."

ಆಕೆಗೆ ಸರ್ವರ್ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. "ಆತ ಬಿಡು" ಎಂದಾಗ ಆಕೆ ನಂಬಿದ್ದು ಯಂತ್ರವನ್ನಲ್ಲ, ನನ್ನನ್ನು. ಆದರೆ ನಾನು ನಂಬಿರುವುದು ಯಂತ್ರವನ್ನು, ಅದರೊಳಗಿನ ತಂತ್ರಾಂಶವನ್ನು, ಅದನ್ನು ಬರೆದ ಮುಖ ಕಾಣದ ಸಾವಿರಾರು ಜನರನ್ನು. ಈ ಸರಪಳಿಯ ಒಂದು ಕೊಂಡಿಯ ಹೆಸರು ಡ್ರೈವರ್.

ನೆಟ್‌ವರ್ಕ್ ಕಾರ್ಡಿಗೆ ತನ್ನದೇ ಭಾಷೆ ಇದೆ. ಯಾವ ಜಾಗದಲ್ಲಿ ಯಾವ ಅಂಕಿ ಬರೆದರೆ ಮಾಹಿತಿ ಹೊರಡುತ್ತದೆ, ಬಂದ ಮಾಹಿತಿಯನ್ನು ಎಲ್ಲಿಂದ ಎತ್ತಿಕೊಳ್ಳಬೇಕು ಎಂಬುದೆಲ್ಲ ಒಂದೊಂದು ಚಿಪ್‌ಗೂ ಬೇರೆ ಬೇರೆ. ಕಾರ್ಯನಿರ್ವಹಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಇನ್ನೊಂದು ಭಾಷೆ. ಡ್ರೈವರ್ ಇವೆರಡರ ನಡುವಿನ ದುಭಾಷಿ. ಅಪ್‌ಗ್ರೇಡ್ ಮಾಡಿದಾಗ ಕರ್ನಲ್‌ನ ಮಾತು ಸ್ವಲ್ಪ ಬದಲಾಗುತ್ತದೆ. ದುಭಾಷಿಯನ್ನೂ ಅದಕ್ಕೆ ತಕ್ಕಂತೆ ಯಾರೋ ತಿದ್ದಿರಬೇಕು. ತಿದ್ದದಿದ್ದರೆ ಕಾರ್ಡ್ ಇದ್ದಲ್ಲೇ ಇರುತ್ತದೆ, ಸುಟ್ಟಿರುವುದಿಲ್ಲ, ಮುರಿದಿರುವುದಿಲ್ಲ. ಆದರೆ ಅದರ ಮಾತು ಯಾರಿಗೂ ತಿಳಿಯುವುದಿಲ್ಲ. ಕೆಡದೆಯೇ ಕೆಲಸಕ್ಕೆ ಬಾರದಂತಾಗುವ ಸ್ಥಿತಿ ಇದು.

ಉಳಿದ ಭಾಗಗಳಿಗಿಂತ ನೆಟ್‌ವರ್ಕ್ ಕಾರ್ಡಿನ ವಿಷಯ ತುಸು ಬೇರೆ. ಧ್ವನಿಯ ಡ್ರೈವರ್ ಹೋದರೆ ನೆಟ್‌ನಿಂದ ಇಳಿಸಿಕೊಂಡು ಸರಿಮಾಡಬಹುದು. ನೆಟ್‌ವರ್ಕಿನ ಡ್ರೈವರೇ ಹೋದರೆ ಮದ್ದು ತರಬೇಕಾದ ದಾರಿಯೇ ಮುಚ್ಚಿಹೋಗುತ್ತದೆ. ದೂರದಲ್ಲಿ ಕುಳಿತವನಿಗಂತೂ ಯಂತ್ರ ಇದೆಯೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ನಂಬಿಕೆಯ ಸ್ವಭಾವವೂ ಹೀಗೇ. ನಂಬಿಕೆ ಮುರಿದಾಗ ಮಾತನಾಡಿ ಸರಿಪಡಿಸಿಕೊಳ್ಳೋಣ ಎನ್ನುತ್ತೇವೆ, ಆದರೆ ಆ ಮಾತು ಹಾಯಬೇಕಾದದ್ದು ಮುರಿದ ನಂಬಿಕೆಯ ಮೂಲಕವೇ.

ಇದು ಊಹೆಯ ಭಯವಲ್ಲ. ಮನೆಯಲ್ಲಿ ಸರ್ವರ್ ಇಟ್ಟುಕೊಳ್ಳುವವರಲ್ಲಿ ಅನೇಕರು ವಿಎಂವೇರ್ ಕಂಪನಿಯ ಇಎಸ್‌ಎಕ್ಸ್‌ಐ ಬಳಸುತ್ತಿದ್ದರು. 2020ರ ಏಪ್ರಿಲ್‌ನಲ್ಲಿ ಬಂದ ಅದರ 7.0 ಆವೃತ್ತಿಯಲ್ಲಿ, ಲಿನಕ್ಸ್‌ನಿಂದ ತಂದ ಹಳೆಯ ಡ್ರೈವರುಗಳನ್ನು ಓಡಿಸುತ್ತಿದ್ದ ಪದರವನ್ನು ಪೂರ್ತಿ ತೆಗೆದುಹಾಕಲಾಯಿತು. ಆ ಪದರವನ್ನೇ ನೆಚ್ಚಿದ್ದ ಅಗ್ಗದ ನೆಟ್‌ವರ್ಕ್ ಕಾರ್ಡುಗಳು ಹೊಸ ಆವೃತ್ತಿಯಲ್ಲಿ ಮೂಕವಾದವು. ತೆಗೆಯುತ್ತೇವೆಂದು ಕಂಪನಿ ಮೊದಲೇ ತಿಳಿಸಿತ್ತು. ಆದರೆ ಅಂಥ ಪ್ರಕಟಣೆಗಳನ್ನು ಓದುವವರು ಕಂಪನಿಗಳ ದೊಡ್ಡ ಗ್ರಾಹಕರು, ಮನೆಯ ಮೂಲೆಯ ಡಬ್ಬಿಯನ್ನು ನೋಡಿಕೊಳ್ಳುವವರಲ್ಲ.

ಇಲ್ಲಿ ಯಾರಿಗಾದರೂ ಅನ್ಯಾಯವಾಯಿತೇ? ಅಮೆರಿಕದಲ್ಲಿ ಪಾಠ ಮಾಡಿದ ತತ್ತ್ವಜ್ಞಾನಿ ಆನೆಟ್ ಬೇಯರ್ 1986ರಲ್ಲಿ ನಂಬಿಕೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಒಂದು ವ್ಯತ್ಯಾಸ ಗುರುತಿಸುತ್ತಾರೆ. ಒಂದನ್ನು ನೆಚ್ಚಿಕೊಳ್ಳುವುದು ಬೇರೆ, ಒಬ್ಬರನ್ನು ನಂಬುವುದು ಬೇರೆ. ನೆಚ್ಚಿದ್ದು ಕೈಕೊಟ್ಟರೆ ನಿರಾಶೆಯಾಗುತ್ತದೆ, ನಂಬಿದವರು ಕೈಕೊಟ್ಟರೆ ಅದು ದ್ರೋಹ. ಬೈಲಹೊಂಗಲದವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ. ನಮ್ಮೂರಿನದೇ ಕಥೆಯಾದ ಸಂಗ್ಯಾ-ಬಾಳ್ಯಾ ಸಣ್ಣಾಟದಲ್ಲಿ ಗೆಳೆಯ ಬಾಳ್ಯಾ ಸಂಗ್ಯಾನನ್ನು ಕೊಲೆಗಾರರ ಕೈಗೆ ಒಪ್ಪಿಸುವಾಗ ನೋಡುವವರಿಗೆ ಬರುವುದು ನಿರಾಶೆಯಲ್ಲ, ಹೊಟ್ಟೆಯ ಸಂಕಟ. ಸಂಗ್ಯಾ ಒಳ್ಳೆಯವನೇನಲ್ಲ, ಆದರೂ ಆ ಸಂಕಟ ತಪ್ಪುವುದಿಲ್ಲ. ಮಳೆ ಬಾರದಿದ್ದರೆ ಯಾರೂ ಮೋಡವನ್ನು ಬಾಳ್ಯಾ ಎನ್ನುವುದಿಲ್ಲ.

ತಂತ್ರಾಂಶ ಈ ಎರಡರ ನಡುವೆ ನಿಲ್ಲುತ್ತದೆ. ಅದು ಮೋಡವಲ್ಲ, ಮನುಷ್ಯರು ಯೋಚಿಸಿ ಮಾಡಿದ್ದು. ಬಾಳ್ಯಾನೂ ಅಲ್ಲ, ಏಕೆಂದರೆ ಅದನ್ನು ಮಾಡಿದವರಿಗೂ ನನಗೂ ಮುಖಪರಿಚಯವೂ ಇಲ್ಲ. ಮುಕ್ತ ತಂತ್ರಾಂಶದ ಪರವಾನಗಿಯಲ್ಲಂತೂ ಯಾವ ಖಾತರಿಯೂ ಇಲ್ಲವೆಂದು ಸ್ಪಷ್ಟವಾಗಿ ಬರೆದಿರುತ್ತಾರೆ. ಕಾನೂನಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ನೀತಿಯ ಮಟ್ಟಿಗೆ ಮುಗಿಯುವುದಿಲ್ಲ ಎಂದು ಕಾಣುತ್ತದೆ. ಏಕೆಂದರೆ ಬರೆಯುವವರೇ ಕೆಲವು ಕಟ್ಟುಪಾಡುಗಳನ್ನು ತಮಗೆ ಹಾಕಿಕೊಂಡಿದ್ದಾರೆ. ಲಿನಕ್ಸ್ ಕರ್ನಲ್‌ನಲ್ಲಿ ಒಂದು ಪದ್ಧತಿ ಇದೆ. ಒಳಗಿನ ವ್ಯವಸ್ಥೆಯನ್ನು ಯಾರು ಬೇಕಾದರೂ ಬದಲಿಸಬಹುದು, ಆದರೆ ಬದಲಿಸಿದವರೇ ಕರ್ನಲ್‌ನ ಮೂಲದೊಳಗಿರುವ, ಆ ಬದಲಾವಣೆ ತಟ್ಟುವ ಡ್ರೈವರುಗಳನ್ನೆಲ್ಲ ಹೊಸ ವ್ಯವಸ್ಥೆಗೆ ಹೊಂದಿಸಬೇಕು. ಹೊರಗೆ ಉಳಿದ ಡ್ರೈವರುಗಳ ಹೊಣೆ ಅವರದಲ್ಲ.

ರಾಮದುರ್ಗದ ಕಡೆ ಮಗ್ಗ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಒಂದು ಹಾಸು ಮುಗಿಯುತ್ತ ಬಂದಾಗ ನೇಕಾರರು ಎಲ್ಲವನ್ನೂ ಕಿತ್ತು ಮೊದಲಿನಿಂದ ಪೋಣಿಸುವುದಿಲ್ಲ. ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಕೂಡಿಸಿ ಮುಂದಕ್ಕೆಳೆಯುತ್ತಾರೆ. ಕೂಡಿಸದೆ ಬಿಟ್ಟ ಎಳೆ ಬಟ್ಟೆಯಲ್ಲಿ ಸಂದಾಗಿ ಕಾಣುತ್ತದೆ. ಹೊಸದನ್ನು ತರುವವನ ಮೇಲೆ ಹಳೆಯದರ ತುದಿಯನ್ನು ಹಿಡಿಯುವ ಹೊಣೆಯೂ ಇರುತ್ತದೆ.

ಆದರೆ ಎಷ್ಟು ಎಳೆಗಳನ್ನು, ಎಷ್ಟು ಕಾಲ? 2018ರಲ್ಲಿ ಫ್ರೀಬಿಎಸ್‌ಡಿ ಎಂಬ ಮುಕ್ತ ಕಾರ್ಯನಿರ್ವಹಣಾ ವ್ಯವಸ್ಥೆಯವರು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದರು. ಸೆಕೆಂಡಿಗೆ 10 ಅಥವಾ 100 ಮೆಗಾಬಿಟ್ ವೇಗದ ಹಳೆಯ ನೆಟ್‌ವರ್ಕ್ ಕಾರ್ಡುಗಳ ಡ್ರೈವರುಗಳನ್ನು ಕೈಬಿಡುವ ಪ್ರಸ್ತಾವ ಮುಂದಿಟ್ಟರು. ಕಾರಣ ದುರಾಸೆಯಲ್ಲ. ನೆಟ್‌ವರ್ಕ್ ವ್ಯವಸ್ಥೆಯನ್ನು ಸುಧಾರಿಸಿದಾಗಲೆಲ್ಲ ಪ್ರತಿ ಡ್ರೈವರನ್ನೂ ತಿದ್ದಬೇಕು, ತಿದ್ದಿದ್ದು ಸರಿಯೇ ಎಂದು ನೋಡಲು ಆ ಕಾರ್ಡ್ ಯಾರ ಬಳಿಯೂ ಇರುವುದಿಲ್ಲ. ಹಾಗಾಗಿ ಅವರು ಬಳಕೆದಾರರನ್ನು ಕೇಳಿದರು: ಇವುಗಳಲ್ಲಿ ಯಾವುದನ್ನು ನೀವು ಇನ್ನೂ ಬಳಸುತ್ತಿದ್ದೀರಿ? ಬಳಸುತ್ತಿದ್ದೇವೆ ಎಂದು ಜನ ಹೇಳಿದ ಕಾರ್ಡುಗಳ ಡ್ರೈವರುಗಳನ್ನು ಪಟ್ಟಿಯಿಂದ ಹೊರತೆಗೆದರು. ಒಂದು ಕಾಲಕ್ಕೆ ಅಗ್ಗದ ಕಾರ್ಡುಗಳಲ್ಲೆಲ್ಲ ಕಾಣುತ್ತಿದ್ದ ರಿಯಲ್‌ಟೆಕ್ 8139 ಚಿಪ್‌ನ ಡ್ರೈವರ್ ಉಳಿಯಿತು. ಯಾರೂ ದನಿ ಎತ್ತದ ಹಲವು ಡ್ರೈವರುಗಳು 2021ರಲ್ಲಿ ಬಂದ 13.0 ಆವೃತ್ತಿಯಲ್ಲಿ ಇರಲಿಲ್ಲ.

ನನಗೆ ಇದು ಈ ಇಡೀ ವಿಷಯದ ನಡುಗಂಬದಂತೆ ಕಾಣುತ್ತದೆ. ಎಲ್ಲವನ್ನೂ ಎಂದೆಂದಿಗೂ ಕಾಪಾಡಿ ಎಂದು ಯಾರೂ ಯಾರಿಗೂ ಹೇಳಲಾಗದು. ಅದು ಬಿಟ್ಟಿ ದುಡಿಯುವವರ ಮೇಲೆ ಹೇರುವ ಸಾಲ. ಕೇಳಬಹುದಾದದ್ದು ಮೂರು: ಮುಂಚೆಯೇ ತಿಳಿಸಿ, ಸಮಯ ಕೊಡಿ, ಮಾತನಾಡಲು ಅವಕಾಶ ಕೊಡಿ. ಅಷ್ಟು ಸಿಕ್ಕ ಮೇಲೆ ಹೊಣೆ ನಮ್ಮ ಕಡೆಗೆ ತಿರುಗುತ್ತದೆ. ನಮ್ಮ ಕಾರ್ಡ್ ಹೊಸ ಆವೃತ್ತಿಯಲ್ಲಿ ನಡೆಯುತ್ತದೆಯೇ ಎಂದು ನೋಡುವವರು, ನೋಡಿದ್ದನ್ನು ಹೇಳುವವರು ನಾವಲ್ಲದೆ ಬೇರೆ ಯಾರೂ ಇಲ್ಲ. ಹೇಳದವನನ್ನು ಲೆಕ್ಕದಲ್ಲಿ ಇಲ್ಲದವನೆಂದೇ ಹಿಡಿಯಲಾಗುತ್ತದೆ.

ಈಗ ಪರೀಕ್ಷೆಯ ಮಾತು. ಕಿತ್ತೂರಿನ ಎರಡನೆಯ ಯುದ್ಧದ ಬಗ್ಗೆ ನಮ್ಮ ಕಡೆ ಜನ ಹೇಳುವ ಒಂದು ಕಥೆ ಇದೆ. 1824ರ ಅಕ್ಟೋಬರಿನಲ್ಲಿ ಥ್ಯಾಕರೆಯನ್ನು ಕೆಡವಿದ ಕೋಟೆ ಡಿಸೆಂಬರಿನಲ್ಲಿ ಸೋತದ್ದು ಒಳಗಿನವರೇ ಮದ್ದಿನಲ್ಲಿ ಸೆಗಣಿ ಬೆರೆಸಿದ್ದರಿಂದ ಎಂದು. ಚರಿತ್ರೆಯ ವಾದ ಏನೇ ಇರಲಿ, ಕಥೆ ಹೇಳುವವರು ಬೈಯುವುದು ಬೆರೆಸಿದವರನ್ನು ಮಾತ್ರ. ಒಂದು ಹಿಡಿ ಮದ್ದನ್ನು ಮುಂಚೆ ಸುಟ್ಟು ನೋಡಬಹುದಿತ್ತಲ್ಲ ಎಂದು ಯಾರೂ ಕೇಳುವುದಿಲ್ಲ. ಹಾಗೆ ನೋಡುವುದು ಸ್ವಂತ ಜನರ ಮೇಲಿನ ಸಂಶಯವೆಂದು ನಮಗೆ ತೋರುತ್ತದೆ.

ಆದರೆ ಇದೇ ಸೀಮೆಯ ರೈತ ಎರಿ ಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವ ಮೊದಲು ಏನು ಮಾಡುತ್ತಾನೆ? ಬೀಜದ ಮೇಲೆ ಅನುಮಾನವಿದ್ದರೆ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಇಡುತ್ತಾನೆ. ಕೆಲವು ದಿನ ಬಿಟ್ಟು ಬಿಚ್ಚಿ, ಎಷ್ಟು ಮೊಳಕೆ ಒಡೆದಿವೆ ಎಂದು ಎಣಿಸುತ್ತಾನೆ. ಬೀಜ ತಾನೇ ಹೋದ ವರ್ಷ ತೆಗೆದಿಟ್ಟಿದ್ದರೂ ಹಾಗೇ ಮಾಡುತ್ತಾನೆ. ಅದು ತನ್ನ ಮೇಲಿನ ಅಪನಂಬಿಕೆಯಲ್ಲ. ಹಸಿ ಆರಿದರೆ ಮತ್ತೆ ಬಿತ್ತಲು ಬರುವುದಿಲ್ಲ, ಮನೆಯವರ ವರ್ಷದ ಊಟ ಆ ಒಂದು ಬಿತ್ತನೆಯ ಮೇಲಿದೆ. ಗೆಳೆಯನ ಹಣ ಎಣಿಸುವ ಮುಜುಗರಕ್ಕೂ ಗಡಿಗೆ ಬಾರಿಸುವ ಸಹಜತೆಗೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ಹಣ ಕಡಿಮೆ ಬಂದರೆ ನಷ್ಟ ನನ್ನೊಬ್ಬನದು, ಅದನ್ನು ಗೆಳೆತನಕ್ಕಾಗಿ ಬಿಟ್ಟುಕೊಡುವ ಹಕ್ಕು ನನಗಿದೆ. ಗಡಿಗೆ ಸೀಳಿದ್ದರೆ ಮನೆಮಂದಿಗೆಲ್ಲ ನೀರಿಲ್ಲ. ಇನ್ನೊಬ್ಬರ ಪಾಲನ್ನು ನನ್ನ ಔದಾರ್ಯಕ್ಕೆ ಅಡವಿಡುವ ಹಕ್ಕು ನನಗಿಲ್ಲ.

ಹೀಗಾಗಿ ನಾನು ನಡೆಸಿದ ಪರೀಕ್ಷೆಯನ್ನು ಅಜ್ಜಿಯ ಲೆಕ್ಕದಲ್ಲೇ ನೋಡುತ್ತೇನೆ. ಮೊದಲು ಕಾರ್ಡಿನ ಚಿಪ್ ಯಾವುದು, ಅದನ್ನು ಈಗ ಯಾವ ಡ್ರೈವರ್ ನಡೆಸುತ್ತಿದೆ ಎಂದು ಬರೆದಿಟ್ಟುಕೊಂಡೆ. ಡಿಸ್ಕನ್ನು ಮುಟ್ಟದೆ ಹೊಸ ಆವೃತ್ತಿಯನ್ನು ಪೆನ್‌ಡ್ರೈವಿನಿಂದ ಓಡಿಸಿ ನೋಡಿದೆ. ಕಾರ್ಡ್ ಗುರುತು ಸಿಕ್ಕಿತು, ಹಸಿರು ದೀಪ ಹತ್ತಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಗುರುತು ಹಿಡಿಯುವುದು ಬೇರೆ, ಭಾರ ಹೊರುವುದು ಬೇರೆ. ಎರಡು ತಾಸು ಎಡೆಬಿಡದೆ ಕಡತಗಳನ್ನು ಸಾಗಿಸಿದಾಗ ಒಮ್ಮೆ ಸಂಪರ್ಕ ಕಡಿಯಿತು. ಹುಡುಕಿದಾಗ ಕಂಡದ್ದು ಕಾರ್ಡಿಗೆ ನಿದ್ದೆ ಬರಿಸುವ, ವಿದ್ಯುತ್ ಉಳಿಸುವ ಒಂದು ಹೊಸ ಏರ್ಪಾಟು. ಅದನ್ನು ನಿಲ್ಲಿಸಿ ಮತ್ತೆ ಎರಡು ತಾಸು ಓಡಿಸಿದೆ, ಕಡಿಯಲಿಲ್ಲ. ಹಳೆಯ ಡಿಸ್ಕಿನ ಪೂರ್ಣ ಪ್ರತಿ ತೆಗೆದಿಟ್ಟು, ನೆಟ್‌ವರ್ಕ್ ಕೈಕೊಟ್ಟರೂ ಯಂತ್ರದ ಮುಂದೆ ಕೂರಲು ಬರುವಂತೆ ಮಾನಿಟರ್ ಕೀಬೋರ್ಡ್ ಜೋಡಿಸಿಕೊಂಡು, ಆಮೇಲೆ ಅಪ್‌ಗ್ರೇಡ್ ಮಾಡಿದೆ. ಮೂರು ಸಲ ಆರಿಸಿ ಹೊತ್ತಿಸಿದೆ. ಕಾರ್ಡಿನ ಹೆಸರು ಬದಲಾಗಿಲ್ಲವೆಂದೂ ನೋಡಿದೆ, ಏಕೆಂದರೆ ಡ್ರೈವರ್ ಸರಿಯಿದ್ದೂ ವ್ಯವಸ್ಥೆ ಕಾರ್ಡಿಗೆ ಬೇರೆ ಹೆಸರಿಟ್ಟರೆ ಹಳೆಯ ಹೆಸರಿಗೆ ಬರೆದಿಟ್ಟ ಸೂಚನೆಗಳು ಅನಾಥವಾಗುತ್ತವೆ.

ಇಷ್ಟಾದ ಮೇಲೂ ಖಾತರಿ ಸಿಕ್ಕಿತೇ? ಇಲ್ಲ. ಪರೀಕ್ಷೆಯಿಂದ ದೋಷ ಇದೆಯೆಂದು ತೋರಿಸಬಹುದೇ ಹೊರತು ದೋಷವೇ ಇಲ್ಲವೆಂದು ತೋರಿಸಲಾಗದು ಎಂಬುದನ್ನು ಗಣಕವಿಜ್ಞಾನಿ ಡೈಕ್‌ಸ್ಟ್ರಾ ಅರ್ಧ ಶತಮಾನದ ಹಿಂದೆಯೇ ಎತ್ತಿ ಹೇಳಿದ್ದರು. ನಾಲ್ಕು ತಾಸು ನಡೆದದ್ದು ಐದನೆಯ ತಾಸಿಗೆ ನಿಲ್ಲಬಹುದು. ನೂರು ಕಾಳು ಮೊಳೆತರೂ ಹೊಲದಲ್ಲಿ ಬೇರೆಯೇ ಆಗಬಹುದು. ಪರೀಕ್ಷೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಮುಂದಿನದು ನಂಬಿಕೆಯ ಪಾಲು. ಹಾಗಾದರೆ ಪರೀಕ್ಷೆ ಮಾಡಿದವನು ನಂಬಿಕೆಯನ್ನು ಕಳೆದುಕೊಂಡವನಲ್ಲ. ನಂಬಿಕೆ ಎಷ್ಟು ಬೇಕು, ಎಲ್ಲಿ ಬೇಕು ಎಂದು ಅಳೆದು ನೋಡಿದವನು. ಪರೀಕ್ಷಿಸದೆ ನಂಬುವವನಿಗೆ ತಾನು ಏನನ್ನು ನಂಬಿದ್ದೇನೆ ಎಂಬುದೇ ತಿಳಿದಿರುವುದಿಲ್ಲ.

ಕೊನೆಯದಾಗಿ ಒಂದು ಸಣ್ಣ ಕೆಲಸ ಉಳಿದಿತ್ತು. ಈ ಚಿಪ್, ಈ ಆವೃತ್ತಿ, ಇಷ್ಟು ತಾಸಿನ ಪರೀಕ್ಷೆ, ಈ ಏರ್ಪಾಟು ನಿಲ್ಲಿಸಿದರೆ ಸರಿ ನಡೆಯುತ್ತದೆ ಎಂದು ನಾಲ್ಕು ಸಾಲು ಬರೆದು ಆ ತಂತ್ರಾಂಶವನ್ನು ನೋಡಿಕೊಳ್ಳುವವರಿಗೆ ಕಳಿಸಿದೆ. ಧ್ವನಿಮುದ್ರಣಕ್ಕೆಂದು ಹಳ್ಳಿಗಳಿಗೆ ಹೋದಾಗ ನಾನು ಜನರಲ್ಲಿ ಕೇಳುವುದೂ ಇಷ್ಟೇ: ನಿಮ್ಮ ಪದ ಇನ್ನೂ ಬಳಕೆಯಲ್ಲಿದೆಯೇ, ಹಾಡುವವರು ಇದ್ದಾರೆಯೇ? ಇದ್ದಾರೆ ಎಂದು ಒಬ್ಬರು ಹೇಳಿದರೂ ಅದು ಪಟ್ಟಿಯಲ್ಲಿ ಉಳಿಯುತ್ತದೆ. ಹಳೆಯ ಕಾರ್ಡಿನ ವಿಷಯದಲ್ಲಿ ಆ ಪ್ರಶ್ನೆ ನನ್ನ ಕಡೆಗೆ ಬಂದಿತ್ತು. ಬೈಲಹೊಂಗಲದಲ್ಲಿ ಒಂದು ಇನ್ನೂ ಓಡುತ್ತಿದೆ ಎಂದು ಹೇಳಬೇಕಾದವನು ನಾನೇ ಆಗಿದ್ದೆ.