ಕೇಳದೆ ಕೇಳಿದ್ದು

ಕನ್ನಡದಲ್ಲಿ ‘ಕೇಳು’ ಎಂಬ ಧಾತುವಿಗೆ ಎರಡು ಅರ್ಥ. ಕಿವಿಗೆ ಬಿದ್ದುದನ್ನು ಆಲಿಸುವುದೂ ಕೇಳುವುದೇ, ಬಾಯಿಬಿಟ್ಟು ಅಪ್ಪಣೆ ಬೇಡುವುದೂ ಕೇಳುವುದೇ. ಈ ಎರಡು ಅರ್ಥಗಳ ನಡುವೆ ಒಂದು ನೀತಿಯ ನಂಟೂ ಉಂಟೆಂದು ನನಗೆ ಹೊಳೆದದ್ದು ದುಬಾರಿ ಬೆಲೆಯ ಮೋಟಾರು ಕಾರೊಂದರ ಹಾಡಿನ ಯಂತ್ರಕ್ಕೆ ಮೊಬೈಲ್ ಫೋನು ಜೋಡಿಸುವ ವ್ಯವಹಾರವನ್ನು ನೋಡಿದಾಗ. ವಿಷಯ ಹಗುರವೆಂದು ಓದುಗರು ಪುಟ ತಿರುವಬಾರದು. ಅನ್ನದ ಪಂಕ್ತಿಯಲ್ಲಿ, ಬಾವಿಯ ಕಟ್ಟೆಯಲ್ಲಿ ಹಿಂದೆ ಏಳುತ್ತಿದ್ದ ಪ್ರಶ್ನೆಗಳೇ ಈಗ ಕಾರಿನ ಗಾಜಿನ ಒಳಗೆ ಬಂದು ಕುಳಿತಿವೆ.

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಆಗಿನ ಕಾಲದಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ರೇಡಿಯೋ ಇದ್ದ ಮನೆಯ ಕಟ್ಟೆಯ ಮೇಲೆ ಸಂಜೆ ಮಂದಿ ನೆರೆಯುತ್ತಿದ್ದರೆಂಬುದನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ರೇಡಿಯೋ ಒಂದು, ಆಲಿಸುವವರು ಇಪ್ಪತ್ತು ಜನ. ಯಾರು ಬಂದರು, ಯಾರು ಎದ್ದುಹೋದರು ಎಂಬುದು ಅದರ ಲಕ್ಷ್ಯಕ್ಕೇ ಇಲ್ಲ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತುಬಂದ ಗಂಗೂಬಾಯಿ ಹಾನಗಲ್ಲರ ದನಿಯನ್ನು ಅದು ಸಾಹುಕಾರನಿಗೂ ಅವನ ಗಳೇದ ಆಳಿಗೂ ಒಂದೇ ಅಳತೆಯಲ್ಲಿ ಬಡಿಸುತ್ತಿತ್ತು. ರೇಡಿಯೋ ಯಾರದೇ ಮನೆಯದಾಗಿರಲಿ, ಒಡೆಯನ ಗುರುತು ಅದಕ್ಕಿರಲಿಲ್ಲ.

ಇಂದಿನ ಕಾರು ಮೊದಲು ನೀನು ಯಾರು ಎಂದು ಕೇಳುತ್ತದೆ. ಅದು ಕೇಳುವ ಬಗೆಯೂ ಸೊಗಸಾಗಿದೆ. ಫೋನನ್ನೂ ಕಾರನ್ನೂ ತಂತಿಯಿಲ್ಲದೆ ಬೆಸೆಯುವ ಈ ವಿದ್ಯೆಗೆ ‘ಬ್ಲೂಟೂತ್’ ಎಂದು ಹೆಸರು. ಹತ್ತನೆಯ ಶತಮಾನದ ಡೆನ್ಮಾರ್ಕಿನ ಹೆರಾಲ್ಡ್ ಎಂಬ ಅರಸನ ಅಡ್ಡಹೆಸರು ಅದು. ಒಡೆದುಹೋಗಿದ್ದ ಜನರನ್ನು ಒಂದುಗೂಡಿಸಿದವನೆಂದು ಅವನ ಖ್ಯಾತಿ. 1998ರಲ್ಲಿ ಹಲವು ಕಂಪನಿಗಳು ಕೂಡಿ ಈ ವಿದ್ಯೆಗಾಗಿ ಒಂದು ಸಂಘ ಕಟ್ಟಿದಾಗ ಆ ಹೆಸರೇ ನಿಂತಿತು. ಜೋಡಣೆಯ ಹೊತ್ತಿಗೆ ಫೋನಿನ ಮುಖದ ಮೇಲೆ ಆರು ಅಂಕಿ ಮೂಡುತ್ತವೆ, ಕಾರಿನ ಪರದೆಯ ಮೇಲೆಯೂ ಅವೇ ಆರು ಅಂಕಿ. ಎರಡೂ ಒಂದೇ ಎಂದು ನೋಡಿ ಇಬ್ಬರೂ ಒಪ್ಪಿಗೆ ಒತ್ತಬೇಕು. ಲಗ್ನದಲ್ಲಿ ಅಂತರಪಟ ಸರಿದ ಹಾಗೆ. ಅನಂತರ ಇನ್ನೊಂದು ಪ್ರಶ್ನೆ ಬರುತ್ತದೆ: ಫೋನಿನೊಳಗಿನ ಹೆಸರುಗಳ ಪಟ್ಟಿಯನ್ನೂ ಕೊಡುವಿರಾ? ಹಾಡು ಕೇಳುವ ಆತುರದಲ್ಲಿರುವವರು ಅದಕ್ಕೂ ಹ್ಞೂಂ ಎನ್ನುತ್ತಾರೆ. ಅಲ್ಲಿಗೆ ಕೇಳುವ ಶಾಸ್ತ್ರ ಮುಗಿಯಿತು. ಮರುದಿನದಿಂದ ಯಂತ್ರ ಚಾಲೂ ಆದೊಡನೆ ಕಾರು ತನ್ನ ಪಟ್ಟಿಯಲ್ಲಿರುವ ಫೋನುಗಳನ್ನು ಒಂದೊಂದಾಗಿ ಕೂಗಿ, ಯಾವುದು ಓಗೊಟ್ಟಿತೋ ಅದನ್ನು ಕೂಡಿಸಿಕೊಳ್ಳುತ್ತದೆ. ಪಟ್ಟಿಯಲ್ಲಿ ಹಲವು ಫೋನುಗಳಿದ್ದರೂ ಹಾಡುವ ಸರದಿ ಒಂದು ಸಲಕ್ಕೆ ಒಂದಕ್ಕೇ.

ಎಲ್ಲ ಫೋನುಗಳಿಗೂ ಇಲ್ಲಿ ಒಂದೇ ಮರ್ಯಾದೆ ಎಂದು ತಿಳಿಯಬೇಡಿ. ಫೋನಿನ ಪರದೆಯನ್ನೇ ಕಾರಿನ ಪರದೆಗೆ ತರುವ ವ್ಯವಸ್ಥೆಯನ್ನು ಆ್ಯಪಲ್ ಕಂಪನಿ 2014ರಲ್ಲಿ ಪ್ರಕಟಿಸಿತು, ಗೂಗಲ್ ಕಂಪನಿಯೂ ಅದೇ ವರ್ಷ ತನ್ನದನ್ನು ಪ್ರಕಟಿಸಿತು. ಆದರೆ ಜರ್ಮನಿಯ ಬಿಎಂಡಬ್ಲ್ಯು ಕಾರುಗಳು ಮೊದಲನೆಯದನ್ನು ಬರಮಾಡಿಕೊಂಡು ಎರಡನೆಯದನ್ನು 2020ರ ವರೆಗೆ ಹೊರಗೇ ನಿಲ್ಲಿಸಿದ್ದವು. ಬ್ಲೂಟೂತ್ ಮೂಲಕ ಹಾಡು ಕೇಳುವುದಕ್ಕೆ ಆಂಡ್ರಾಯ್ಡ್ ಫೋನಿನವರಿಗೂ ಅಡ್ಡಿಯಿರಲಿಲ್ಲವೆನ್ನಿ. ಜಗಲಿಯ ತನಕ ಬರಬಹುದು, ನಡುಮನೆಗೆ ಇಲ್ಲ. ನಮ್ಮ ದೇಶದಲ್ಲಿ ಬಹುಮಂದಿಯ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನೇ ಆದ್ದರಿಂದ ಇದಕ್ಕೆ ಪಂಕ್ತಿಭೇದವೆಂಬ ಹಳೆಯ ಹೆಸರೇ ಒಪ್ಪುತ್ತದೆ.

ಆದರೆ ನನ್ನನ್ನು ಕಾಡಿದ್ದು ಈ ಪಂಕ್ತಿಭೇದಕ್ಕಿಂತ ಹೆಚ್ಚಾಗಿ ದನಿಯ ಸ್ವಭಾವ. ಕಾರಿನಲ್ಲಿ ಆಸನಗಳನ್ನು ಹಂಚಬಹುದು, ತಿಂಡಿಯ ಪೊಟ್ಟಣವನ್ನೂ ಹಂಚಬಹುದು. ದನಿಯನ್ನು ಹಂಚಲಾಗದು. ಒಬ್ಬನಿಗೆ ಬೇಕೆಂದರೆ ಎಲ್ಲರ ಕಿವಿಗೂ ಬಂತು. ಅಹೋರಾತ್ರಿ ಸಂಗೀತದಲ್ಲಿ ಬೇಸರ ಬಂದವನು ಚಹಾ ಕುಡಿಯುವ ನೆಪದಿಂದ ಎದ್ದುಹೋಗಬಹುದು. ತಾಸಿಗೆ ಎಂಬತ್ತು ಕಿಲೋಮೀಟರ್ ಓಡುವ ಕಾರಿನಿಂದ ಎದ್ದುಹೋಗುವ ಮಾತೆಲ್ಲಿ ಬಂತು!

ಹುಬ್ಬಳ್ಳಿಯಲ್ಲಿ ನನಗೆ ಪರಿಚಯದ ಒಬ್ಬ ಸದ್ಗೃಹಸ್ಥರಿದ್ದಾರೆ. ಮೂಲತಃ ನವಲಗುಂದ ತಾಲೂಕಿನವರು, ಅಡತಿ ವ್ಯಾಪಾರದಲ್ಲಿ ಮೇಲೆ ಬಂದವರು. ಬಂಧುಗಳ ಲಗ್ನಕ್ಕೆಂದು ನವಲಗುಂದಕ್ಕೆ ಹೊರಟವರು ನನ್ನನ್ನೂ ಕರೆದೊಯ್ದರು. ಅವರ ವೃದ್ಧ ತಾಯಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲಿದ್ದರು. ಕಾರಿನಲ್ಲಿ ಹದಿನಾರು ಕಡೆಯಿಂದ ಹಾಡು ಬರುತ್ತದೆಂದು ಯಜಮಾನರಿಗೆ ಹೆಮ್ಮೆ. ಆದರೆ ಮುದುಕಿಗೆ ಬೇಕಾದ ಭಜನೆಯ ಪದಗಳು ಮಗನ ಫೋನಿನಲ್ಲಿರಲಿಲ್ಲ, ಡ್ರೈವರನ ಫೋನಿನಲ್ಲಿದ್ದವು. ಅವನ ಊರಿನ ಭಜನಾ ಮೇಳದವರು ಹಾಡಿದ್ದು. ಹಿಂದೊಮ್ಮೆ ಆಕೆಯೇ ಹಟಹಿಡಿದು ಅವನ ಫೋನನ್ನು ಕಾರಿಗೆ ಜೋಡಿಸಿಸಿದ್ದರಂತೆ. ಅಂದು ಯಜಮಾನರ ಫೋನಿನ ಚಾರ್ಜು ತೀರಿತ್ತು. ಕಾರು ತಾನಾಗಿ ಡ್ರೈವರನ ಫೋನನ್ನು ಹಿಡಿದುಕೊಂಡಿತು.

ಕುಸುಗಲ್ಲು ದಾಟಿದ್ದೆವು. ಎರಡೂ ಬದಿಗೆ ಎರೆಹೊಲ, ತಾಳ ದಮ್ಮಡಿಯ ನಾದ, ಮುದುಕಿಯ ಕಣ್ಣು ಅರೆಮುಚ್ಚಿತ್ತು. ಒಮ್ಮೆಲೆ ಭಜನೆ ನಿಂತು ಕರೆಗಂಟೆ ಬಾರಿಸಿತು. ನಿಲ್ಲಿಸಲು ಹೋದನೋ, ರೂಢಿಯಿಂದ ಬೆರಳು ಹಾಗೆ ಹೋಯಿತೋ, ಡ್ರೈವರ್ ಚಕ್ರದ ಮೇಲಿನ ಗುಂಡಿಯನ್ನೊತ್ತಿದ. ಹದಿನಾರು ಕಡೆಯಿಂದ ಹೆಣ್ಣುಮಗಳೊಬ್ಬಳ ದನಿ ಬಂತು.

‘ಏನ್ರೀ, ಸಂಘದವ್ರು ಬಂದು ಬಾಗಲಾಗ ಕುಂತಾರ. ಎರಡ ತಿಂಗಳ ಪಗಾರ ಇವತ್ತರ ಕೊಡ್ತಾರೇನ ಕೇಳ್ರಿ ನಿಮ್ಮ ಸಾಹೇಬ್ರನ್ನ. ನಿಮಗ ಕೇಳಾಕ ನಾಚಿಕಿ ಆದ್ರ ಹೇಳ್ರಿ, ನಾನ ಬಂದು ಕೇಳ್ತೀನಿ.’

‘ಆಮ್ಯಾಲ ಮಾಡ್ತೀನಿ’ ಎಂದಷ್ಟೇ ಹೇಳಿ ಅವನು ಕಡಿದ. ಭಜನೆ ತಾನು ನಿಂತ ಸೊಲ್ಲಿನಿಂದಲೇ ಮುಂದುವರಿಯಿತು. ಹೆಬಸೂರು ಬಂದು ಹೋಗುವ ತನಕ ಯಾರೂ ಮಾತಾಡಲಿಲ್ಲ. ನವಲಗುಂದದಲ್ಲಿ ಇಳಿದಾಗ ಯಜಮಾನರು ಐನೂರರ ಎರಡು ನೋಟು ತೆಗೆದು, ‘ತೊಗೊ, ಮನೀಗೆ ಕಳಸು’ ಎಂದರು. ‘ಇರ್ಲಿ ಬಿಡ್ರಿ ಸಾಹೇಬ್ರ’ ಎಂದವನು ಎರಡನೆಯ ಸಲಕ್ಕೆ ಮುಖ ಬೇರೆ ಕಡೆ ಮಾಡಿ ಇಸಕೊಂಡ. ತಿರುಗಿ ಬರುವಾಗ ಮುದುಕಿ ಭಜನೆ ಹಚ್ಚೆಂದರೆ, ‘ಚಾರ್ಜ್ ಇಲ್ರಿ ಅಮ್ಮಾರ’ ಎಂದ. ಕಾರಿನ ಪಟ್ಟಿಯಿಂದ ಅವನ ಫೋನಿನ ಹೆಸರು ಮಾಯವಾಗಿತ್ತು.

ಯಜಮಾನರು ಮಾಡಿದ್ದು ಸರಿಯೇ? ನಾನು ಈ ಸಂಗತಿಯನ್ನು ಹೆಸರು ಮರೆಸಿ ಇಬ್ಬರು ಮಿತ್ರರಿಗೆ ಹೇಳಿದೆ. ಒಬ್ಬರೆಂದರು: ‘ಒಳ್ಳೇದೇ ಆತಲ್ಲ. ನಾಚಿಕಿಗೆ ಬಾಯಿ ಬರದವನ ಮಾತು ಯಂತ್ರ ಆಡಿತು.’ ಈ ವಾದದಲ್ಲಿ ತಿರುಳಿಲ್ಲವೆನ್ನಲಾರೆ. ಕೇಳಲಾರದ ಬಡವನ ಪರವಾಗಿ ಆಕಸ್ಮಿಕವೇ ಕೇಳಿದರೆ ಯಾರಿಗೆ ನಷ್ಟ? ಆದರೆ ಎರಡು ತಿಂಗಳ ಪಗಾರ ಬಾಕಿಯಿದೆ ಎಂಬುದು ಯಜಮಾನರಿಗೆ ಆ ಕರೆಯಿಂದ ತಿಳಿಯಬೇಕಾಗಿತ್ತೇ? ತಿಂಗಳು ತುಂಬಿದ್ದನ್ನು ಗೋಡೆಯ ಪಂಚಾಂಗವೇ ಹೇಳುತ್ತದೆ. ಕರೆಯಿಂದ ಅವರಿಗೆ ಹೊಸದಾಗಿ ತಿಳಿದದ್ದು ಒಂದೇ: ಆ ಬಾಕಿಯ ಬಿಸಿ ಇನ್ನೊಂದು ಮನೆಯ ಬಾಗಿಲಲ್ಲಿ ಹೇಗಿರುತ್ತದೆಂಬುದು. ಅದನ್ನು ತಿಳಿದಮೇಲೆ ಕೊಡಬೇಕಾದುದು ಇಡೀ ಬಾಕಿ. ಕೊಟ್ಟದ್ದು ಸಾವಿರ ರೂಪಾಯಿ, ಅದೂ ಮೂರನೆಯವನಾದ ನನ್ನೆದುರಿಗೆ. ಸಾಲ ತೀರಿಸಬೇಕಾದವರು ದಾನ ಮಾಡಿದಂತಾಯಿತು. ಡ್ರೈವರ್ ಮುಖ ತಿರುಗಿಸಿದ್ದು ಸೊಕ್ಕಿನಿಂದಲ್ಲವೆಂದು ನನ್ನ ನಂಬಿಕೆ. ತನ್ನದೇ ಹಣಕ್ಕೆ ಕೈ ಒಡ್ಡುವ ಭಂಗಿ ಅವನಿಗೆ ಒಗ್ಗಲಿಲ್ಲ.

ಇನ್ನು ಆ ಹೆಣ್ಣುಮಗಳು. ಆರು ಅಂಕಿಯ ಶಾಸ್ತ್ರದಲ್ಲಿ ಕಾರನ್ನು ಕೇಳಿದರು, ಫೋನನ್ನು ಕೇಳಿದರು. ಆಕೆಯನ್ನು ಯಾರು ಕೇಳಿದರು? ಗಂಡನ ಕಿವಿಯೊಂದನ್ನೇ ನಂಬಿ ಆಡಿದ ಮಾತು ಅದು. ಹಳೆಯ ವಾಡೆಗಳಲ್ಲಿ ಗೋಡೆಗಳು ದಪ್ಪವಾಗಿದ್ದರೂ ಬಾಗಿಲುಗಳು ತೆರೆದೇ ಇರುತ್ತಿದ್ದವು. ಆದ್ದರಿಂದ ಮನೆಯ ಗಂಡಸರು ನಡುಮನೆಗೆ ಬರುವ ಮೊದಲು ಒಮ್ಮೆ ಕೆಮ್ಮುತ್ತಿದ್ದರು. ನಾನು ಬರುತ್ತಿದ್ದೇನೆ, ನಿಮ್ಮ ಮಾತು ನಿಲ್ಲಿಸಿಕೊಳ್ಳಿ ಎಂಬ ಸೂಚನೆ ಅದು. ಆದರೂ ಕಿವಿಗೆ ಬಿದ್ದುಬಿಟ್ಟರೆ, ಬೀಳಲಿಲ್ಲವೆಂಬಂತೆ ನಡೆದುಕೊಳ್ಳುವುದು ಸಭ್ಯತೆಯಾಗಿತ್ತು. ಈ ‘ಕೇಳಿಸಿದರೂ ಕೇಳದಿರುವ’ ವಿದ್ಯೆಯನ್ನು ಕೆಲವರು ಕಪಟವೆನ್ನುತ್ತಾರೆ. ನಾನು ಹಾಗೆನ್ನಲಾರೆ. ಕೇಳದೆ ಕಿವಿಗೆ ಬಿದ್ದ ಮಾತನ್ನು ತನ್ನ ತಪ್ಪು ತಿದ್ದಿಕೊಳ್ಳುವುದಕ್ಕೆ ಬಳಸಬಹುದು. ಅದನ್ನು ಆಡಿದವರ ಮುಖಕ್ಕೆ ಹಿಡಿಯುವ ಹಕ್ಕು ಮಾತ್ರ ಇಲ್ಲ. ಯಜಮಾನರು ಆ ದಿನ ಸುಮ್ಮನಿದ್ದು, ಮರುದಿನ ಪೂರ್ತಿ ಪಗಾರವನ್ನು ಎಂದಿನಂತೆ ಎಣಿಸಿ ಕೊಟ್ಟಿದ್ದರೆ ಮೂವರ ಮಾನವೂ ಉಳಿಯುತ್ತಿತ್ತು. ಕಾರಿಗೆ ಕೆಮ್ಮಲು ಬಾರದು. ಕೆಮ್ಮುವ ಕೆಲಸ ಒಳಗೆ ಕುಳಿತವರದೇ.

ಕಾನೂನು ಇಲ್ಲಿ ಹೆಚ್ಚು ದೂರ ಬರುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಆ ಮೊಕದ್ದಮೆಗೆ ತಮ್ಮ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಅಭಿಮಾನದ ಸಂಗತಿ. ಅನಂತರ 2023ರಲ್ಲಿ ವ್ಯಕ್ತಿಗತ ಮಾಹಿತಿಯ ರಕ್ಷಣೆಗೊಂದು ಶಾಸನವೂ ಆಯಿತು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತದ, ಮನೆಯ ಕೆಲಸಕ್ಕೆ ಬಳಸುವ ಮಾಹಿತಿಯನ್ನು ಆ ಶಾಸನ ಹೊರಗಿಟ್ಟಿದೆ. ಅದು ಸರಿಯೇ. ಮನೆಮನೆಯ ಕಾರಿನೊಳಗೆ ಪೊಲೀಸರು ಬಂದು ಕೂಡುವುದು ಯಾರಿಗೆ ಬೇಕು? ಕಾನೂನು ನಿಂತ ಕಡೆಯಿಂದ ನಡತೆ ಆರಂಭವಾಗಬೇಕು, ಅಷ್ಟೆ.

ನೆನಪಿನ ಮಾತನ್ನೂ ಹೇಳಬೇಕು. ಕಾರು ಕೇಳಿದ್ದನ್ನು ಮರೆಯುವುದಿಲ್ಲ. ಬಾಡಿಗೆ ಕಾರುಗಳಿಗೆ ಫೋನು ಜೋಡಿಸಿದರೆ ಹೆಸರುಗಳು, ಕರೆಗಳ ಪಟ್ಟಿ, ಹೋದ ಜಾಗಗಳ ಗುರುತು ಕಾರಿನಲ್ಲೇ ಉಳಿದಾವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿಯೇ ತನ್ನ ಜನರನ್ನು ಎಚ್ಚರಿಸಿತ್ತು. ನವಲಗುಂದವೆಂದರೆ ಜಮಖಾನೆಗೆ ಹೆಸರಾದ ಊರು. ಅಲ್ಲಿಯ ಹೆಣ್ಣುಮಕ್ಕಳು ಮನೆಯ ಮಗ್ಗದಲ್ಲಿ ನೇಯುವ ಆ ಹಾಸಿಗೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. ಲಗ್ನದ ಮನೆಯಲ್ಲಿ ಅಂದು ಹಾಸಿದ ಜಮಖಾನೆಯ ಮೇಲೆ ಎಷ್ಟು ಜನ ಕುಳಿತರೋ ಏನೋ! ಸಂಜೆ ಇಬ್ಬರು ಹುಡುಗರು ನಾಲ್ಕು ಚುಂಗು ಹಿಡಿದು ಝಾಡಿಸಿದರು, ಸುತ್ತಿಟ್ಟರು. ಯಾರು ಕುಳಿತಿದ್ದರೆಂಬುದರ ಲೆಕ್ಕ ಅದರಲ್ಲಿ ಒಂದೂ ಉಳಿಯಲಿಲ್ಲ.

ಕಾರನ್ನು ಹಾಗೆ ಝಾಡಿಸಬಹುದು. ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡುವ ಒಂದು ಆಯ್ಕೆ ಅದರ ಪರದೆಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಮಾರುವವರಿಗೆ ಅದರ ನೆನಪಾಗುವುದು ಅಪರೂಪ. ಧಾರವಾಡದ ನನ್ನ ಸ್ನೇಹಿತರೊಬ್ಬರು ಕಳೆದ ವರ್ಷ ಇಂಥದೇ ಒಂದು ದೊಡ್ಡ ಕಾರನ್ನು ಕೈಬದಲಿನಲ್ಲಿ ಕೊಂಡರು. ಪರದೆಯಲ್ಲಿ ಐದು ಫೋನುಗಳ ಹೆಸರಿದ್ದವು, ಎಲ್ಲವೂ ಅಪರಿಚಿತರವು. ಮಕ್ಕಳನ್ನು ಕೂಡಿಸಿಕೊಂಡು ಮೊದಲ ದಿನ ತಿರುಗಾಡಲು ಹೋದವರು ದಾರಿ ತೋರಿಸುವ ಯಂತ್ರದಲ್ಲಿ ‘ಮನೆ’ ಎಂಬುದನ್ನು ಒತ್ತಿದರು. ಕಾರು ಮುಂದಿನ ತಿರುವಿನಲ್ಲಿ ಬಲಕ್ಕೆ ಹೊರಳಲು ಹೇಳಿ, ಬೆಳಗಾವಿಯ ಒಂದು ಓಣಿಯ ಕಡೆಗೆ ದಾರಿ ತೋರಿಸಲಾರಂಭಿಸಿತು. ಅದು ಯಾರ ಮನೆ ಎಂದು ಮಕ್ಕಳು ಕೇಳಿದವು.