ನಿಯಮವೂ ನೀರಿನ ಪಾಳಿಯೂ

ಅಷ್ಟಮಿ ಚತುರ್ದಶಿಗಳಲ್ಲಿ ಚತುರ್ವಿಧಾಹಾರವನ್ನು ತ್ಯಜಿಸುವ ಶ್ರಾವಕನು ಆ ದಿನ ಕುಡಿಯದೆ ಬಿಡುವ ನೀರು ಎಷ್ಟು? ಎರಡು ಮೂರು ಲೀಟರು. ಅದೇ ದಿನ ಸ್ನಾನ, ಬಟ್ಟೆ, ಪಾತ್ರೆ, ಶೌಚಗಳಿಗೆಂದು ಅವನ ಮನೆಯ ನಲ್ಲಿಯಿಂದ ಹರಿಯುವುದು ಎಷ್ಟು? ಒಳಚರಂಡಿಯುಳ್ಳ ಭಾರತೀಯ ನಗರಗಳಲ್ಲಿ ತಲೆಯೊಂದಕ್ಕೆ ದಿನಕ್ಕೆ 135 ಲೀಟರು ಎಂಬುದು ಯೋಜಕರ ಲೆಕ್ಕ. ಉಪವಾಸದ ಫಲ ಕರ್ಮನಿರ್ಜರೆಯೇ ಹೊರತು ನೀರಿನ ಉಳಿತಾಯವಲ್ಲ, ನಿಜ. ಆದರೂ ಬಾಯಿಗೆ ಹಾಕಿದ ಕಟ್ಟು ಕೈಗೆ ಇಲ್ಲವೇಕೆಂಬ ಪ್ರಶ್ನೆ ಉಳಿಯುತ್ತದೆ.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕ ಮಳೆ ಸುರಿಯುವ ಮಂಗಳೂರಿನಲ್ಲಿ ನೀರಿನ ಬರವೆಂದರೆ ಘಟ್ಟದ ಮೇಲಿನವರು ನಂಬಲಾರರು. ಆ ಮಳೆಯ ಬಹುಭಾಗ ಜೂನ್–ಸೆಪ್ಟೆಂಬರುಗಳ ನಡುವೆ ಬಂದು ಇಳಿಜಾರಿನಲ್ಲಿ ಓಡಿ ಕಡಲನ್ನು ಸೇರುತ್ತದೆ. ನಗರಕ್ಕೆ ನೀರುಣಿಸುವುದು ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟು. ಹೊಳೆಯ ಹರಿವು ಸೊರಗಿ, ಅಲ್ಲಿ ನಿಂತ ನೀರೇ ಗತಿಯಾದ 2019 ಮತ್ತು 2023ರ ಮೇ ತಿಂಗಳುಗಳಲ್ಲಿ ಪಾಳಿಯ ಮೇಲೆ ನೀರು ಬಿಡಬೇಕಾಯಿತು.

ಪಾಳಿಯೂ ಒಂದು ಪರಿಮಾಣವೇ. ಆದರೆ ಅದು ವ್ರತವಲ್ಲ. ವ್ರತವು ಸ್ವೇಚ್ಛೆಯಿಂದ ಬರುವಂಥದು. ಪಾಳಿಯಾದರೋ ಎಷ್ಟೋ ಸಲ ಪರಿಗ್ರಹವನ್ನೇ ಕೆರಳಿಸುತ್ತದೆ. ನೀರು ಬಿಟ್ಟ ದಿನ ಸಂಪು, ಪಂಪುಗಳುಳ್ಳ ಮನೆ ಹಿಡಿಸುವಷ್ಟನ್ನೂ ಸೆಳೆದುಕೊಳ್ಳುತ್ತದೆ. ಕೊಳವೆಯ ತುದಿಯಲ್ಲಿ, ಗುಡ್ಡದ ಮೇಲಿರುವ ಮನೆಯ ನಲ್ಲಿ ಗಾಳಿಯನ್ನು ಉಗುಳುತ್ತದೆ. ತುಂಬಿಸಿಕೊಂಡವನು ಕದ್ದಿಲ್ಲ, ಶುಲ್ಕವನ್ನೂ ಕಟ್ಟಿದ್ದಾನೆ. ಅಚೌರ್ಯಾಣುವ್ರತಕ್ಕೆ ಭಂಗ ಬಂದಿತೆನ್ನಲಾಗದು. ಅಪರಿಗ್ರಹಕ್ಕೆ? ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ, ಎಂದರೆ ಮಮತ್ವದಲ್ಲಿ, ಕಾಣುತ್ತದೆ. ಮನೆಯಲ್ಲಿ ರೋಗಿಯೋ ಶಿಶುವೋ ಇರುವಾಗ ನಾಲ್ಕು ಕೊಡ ಹೆಚ್ಚು ಹಿಡಿದಿಟ್ಟ ಗೃಹಿಣಿಗೆ ದೋಷ ಹೊರಿಸುವುದು ಸಲ್ಲದು. ಅಗತ್ಯವೆಷ್ಟೆಂದು ಎಣಿಸದೆ, ತೊಟ್ಟಿಯ ಗಾತ್ರವನ್ನೇ ಅಗತ್ಯದ ಅಳತೆಯಾಗಿಸಿಕೊಂಡವನ ಸಂಗತಿ ಬೇರೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪೃಥ್ವಿ, ಜಲ, ಅಗ್ನಿ, ವಾಯುಗಳ ನಿಷ್ಪ್ರಯೋಜಕ ಬಳಕೆಯನ್ನು ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಭೋಗೋಪಭೋಗಗಳ ತ್ಯಾಗವನ್ನು ಯಾವಜ್ಜೀವವಾದ ಯಮ, ಕಾಲಮಿತಿಯುಳ್ಳ ನಿಯಮ ಎಂದು ವಿಭಾಗಿಸಿದವರೂ ಅವರೇ. ಪಗ್ಗುವಿನಿಂದ ಮೊದಲ ಮಳೆಯವರೆಗೆ ನೀರಿಗೊಂದು ನಿಯಮ ಹಿಡಿಯಲು ಇದಕ್ಕಿಂತ ಹೆಚ್ಚಿನ ಆಧಾರ ಬೇಕಿಲ್ಲ.

ಕೈಗಾರಿಕೆಗಳ ಬಳಕೆಯೆದುರು ಒಂದು ಮನೆಯ ಬಕೆಟ್ಟು ಯಾವ ಲೆಕ್ಕವೆಂಬ ಆಕ್ಷೇಪವುಂಟು. ಅದು ಹುರುಳಿಲ್ಲದ ಮಾತಲ್ಲ. ತಣ್ಣೀರುಬಾವಿಯಲ್ಲಿ ಕಡಲ ನೀರನ್ನು ಸಿಹಿಯಾಗಿಸುವ ಸ್ಥಾವರವನ್ನು ಎಂಆರ್‌ಪಿಎಲ್ ಸ್ಥಾಪಿಸಿದೆ; ಹೊಳೆಯ ಮೇಲಿನ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಆದರೆ ಉಪ್ಪನ್ನು ಬೇರ್ಪಡಿಸಲು ಶಕ್ತಿ ಬೇಕು, ಶಕ್ತಿಗೆ ಬಹುಮಟ್ಟಿಗೆ ಇಂಧನ ಉರಿಯಬೇಕು. ಜಲಕಾಯಕ್ಕೆ ದೊರೆತ ಬಿಡುವಿಗೆ ಅಗ್ನಿಕಾಯದ ಆರಂಭ ಬೆಲೆಯಾಗುತ್ತದೆ.

ಹಿಂದೆ ಬಾವಿಯ ನೀರನ್ನು ಸೋಸಿ, ಬಟ್ಟೆಯಲ್ಲುಳಿದ ಜೀವಗಳನ್ನು ಅದೇ ಬಾವಿಗೆ ಮರಳಿಸುತ್ತಿದ್ದವರಿಗೆ ಬೇಸಿಗೆಯಲ್ಲಿ ಹಗ್ಗ ಎಷ್ಟು ಮೊಳ ಹೆಚ್ಚು ಇಳಿಯಿತೆಂಬುದು ಕೈಗೇ ತಿಳಿಯುತ್ತಿತ್ತು. ನಲ್ಲಿ ಅದನ್ನು ತಿಳಿಸದು. ಆದುದರಿಂದ ಇಂದು ನಿಯಮ ಸ್ವೀಕರಿಸುವವರು ದಿನಕ್ಕೆ ಇಂತಿಷ್ಟು ಕೊಡವೆಂದು ಎಣಿಸಿಯೇ ಹೇಳಬೇಕಾಗುತ್ತದೆ. ‘ಮಿತವಾಗಿ ಬಳಸುವೆ’ ಎಂದಷ್ಟೇ ನುಡಿದರೆ ಅದು ಪರಿಮಾಣವಾಗದು.