ಗಿರಿಶಾಂತಿಯ ಋಣ

ಬೇಸಗೆ ಬಂತೆಂದರೆ ಸಹಸ್ರಾರು ಜನರು ಹಿಮಾಲಯದ ಗಿರಿಧಾಮಗಳಿಗೆ ಪ್ರಯಾಣ ಹೊರಡುವರು. ಏತಕ್ಕಾಗಿ ಹೋಗುವಿರೆಂದು ಕೇಳಿದರೆ ಬಹುಮಂದಿಯ ಉತ್ತರ ಒಂದೇ: “ಸ್ವಲ್ಪ ಶಾಂತಿಗಾಗಿ.” ಈ ಉತ್ತರವು ಕೇಳುವುದಕ್ಕೆ ಸರಳವಾಗಿದ್ದರೂ ಇದರೊಳಗೆ ಎರಡು ಪ್ರಶ್ನೆಗಳು ಅಡಗಿರುವುವು. ಶಾಂತಿಯೆಂಬುದು ಸ್ಥಳದ ಧರ್ಮವೋ ಮನಸ್ಸಿನ ಧರ್ಮವೋ ಎಂಬುದು ಮೊದಲನೆಯದು. ಅದು ದೊರೆತ ಪಕ್ಷದಲ್ಲಿ, ಪಡೆದವನು ಅದಕ್ಕಾಗಿ ಯಾರಿಗಾದರೂ ಏನನ್ನಾದರೂ ಸಲ್ಲಿಸತಕ್ಕದ್ದುಂಟೋ ಇಲ್ಲವೋ ಎಂಬುದು ಎರಡನೆಯದು. ಮೊದಲನೆಯದನ್ನು ಪ್ರಾಜ್ಞರು ಬಹುಕಾಲದಿಂದ ಚರ್ಚಿಸುತ್ತ ಬಂದಿರುವರು. ಎರಡನೆಯದನ್ನು ಪ್ರಯಾಣಿಕನು ತನ್ನನ್ನು ತಾನೇ ಕೇಳಿಕೊಳ್ಳುವುದು ವಿರಳ. ಆದಕಾರಣ ಮೊದಲನೆಯದನ್ನು ಸಂಕ್ಷೇಪವಾಗಿ ಮುಗಿಸಿ ಎರಡನೆಯದನ್ನು ವಿಸ್ತಾರವಾಗಿ ವಿಚಾರಿಸುವೆನು.

ಮಾತು ನಿರಾಧಾರವಾಗಿ ಹರಿಯದಿರಲೆಂದು ಒಂದು ಸ್ಥಳವನ್ನೇ ದೃಷ್ಟಾಂತವಾಗಿ ಇಟ್ಟುಕೊಳ್ಳೋಣ. ಉತ್ತರಾಖಂಡದ ಕುಮಾವೂಂ ಪ್ರಾಂತದಲ್ಲಿ, ಅಲ್ಮೋರಾ ನಗರದಿಂದ ಉತ್ತರಕ್ಕೆ ಸುಮಾರು ೫೦ ಕಿಲೋಮೀಟರು ದೂರದಲ್ಲಿ, ಕೌಸಾನಿ ಎಂಬ ಚಿಕ್ಕ ಊರಿದೆ. ರೈಲುದಾರಿಯು ಬೆಟ್ಟದ ಬುಡದ ಕಾಠಗೋದಾಮಿನಲ್ಲಿಯೇ ಮುಗಿದುಹೋಗುವುದು. ಮುಂದಿನದೆಲ್ಲ ಸುತ್ತಿ ಸುತ್ತಿ ಏರುವ ರಸ್ತೆ. ಸಂಸ್ಕೃತ ಕವಿಗಳು ಸರಲವೆಂದು ಕರೆದ ಪೈನ್ ವೃಕ್ಷಗಳು ಇಕ್ಕೆಲಗಳಲ್ಲಿಯೂ ನಿಂತಿರುವುವು. ಊರಿರುವುದು ಸುಮಾರು ೬,೨೦೦ ಅಡಿ ಎತ್ತರದ ಬೆಟ್ಟದ ಬೆನ್ನಿನ ಮೇಲೆ. ಅಲ್ಲಿಂದ ಉತ್ತರಕ್ಕೆ ನೋಡಿದರೆ ಕೆಳಗೆ ಕತ್ಯೂರು ಕಣಿವೆಯ ಗದ್ದೆಗಳು, ಅದರಾಚೆ ಸಾಲುಸಾಲಾಗಿ ನೀಲಗಿರಿಗಳು, ಎಲ್ಲಕ್ಕೂ ಮೇಲೆ ಹಿಮಶಿಖರಗಳು: ೨೩,೩೬೦ ಅಡಿಯ ತ್ರಿಶೂಲ, ೨೫,೬೪೩ ಅಡಿಯ ನಂದಾದೇವಿ, ಪೂರ್ವಕ್ಕೆ ಪಂಚಚೂಲಿ. ನಾನು ನನ್ನ ಕುಟುಂಬಸಮೇತನಾಗಿ ಅಲ್ಲಿ ಆರು ದಿನ ತಂಗಿದ್ದೆನು. ಮುಂದಿನ ವಿಚಾರಕ್ಕೆ ಆ ವಾಸವೇ ಪ್ರೇರಕವಾದುದು.

ಈಗ ಮೊದಲನೆಯ ಪ್ರಶ್ನೆ. ಪೂರ್ವಪಕ್ಷಿಯು ಹೀಗೆನ್ನುವನು: “ಶಾಂತಿಯು ಮನಸ್ಸಿನದು. ಮನಸ್ಸು ನಿಂತವನಿಗೆ ಸಂತೆಯ ನಡುವೆಯೂ ಏಕಾಂತವುಂಟು. ನಿಲ್ಲದವನು ಶಿಖರವನ್ನೇರಿದರೂ ತನ್ನ ಸಂತೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಏರುವನು. ಹೀಗಿರಲು ಇಷ್ಟು ದೂರ ಹೋಗುವುದು ವ್ಯರ್ಥ.” ಈ ಮಾತಿನಲ್ಲಿ ಸತ್ಯಾಂಶವಿದೆ. ಹಿಂದಿಯ ಕವಿ ಸುಮಿತ್ರಾನಂದನ ಪಂತರು ೧೯೦೦ನೆಯ ಇಸವಿಯಲ್ಲಿ ಜನಿಸಿದುದು ಕೌಸಾನಿಯಲ್ಲಿ. ನಮ್ಮ ಕುವೆಂಪುರವರಿಗೆ ೧೯೬೭ರ ಜ್ಞಾನಪೀಠ ಪ್ರಶಸ್ತಿಯು ಸಂದಿತು. ಮರುವರ್ಷದ್ದು ಪಂತರಿಗೆ ಸಂದಿತು. ಆದರೆ ಅದೇ ಹಿಮಶಿಖರಗಳನ್ನು ಅದೇ ಅಂಗಳಗಳಿಂದ ನೋಡಿ ಬೆಳೆದ ಮಕ್ಕಳೆಲ್ಲರೂ ಪಂತರಾಗಲಿಲ್ಲ. ಸ್ಥಳವೇ ಉಪಾದಾನಕಾರಣವಾಗಿದ್ದರೆ ಕಾರ್ಯವು ಎಲ್ಲರಲ್ಲಿಯೂ ಸಮನಾಗಿ ಕಾಣಬರಬೇಕಾಗಿತ್ತು.

ಆದರೂ ಸ್ಥಳವು ಏನೂ ಅಲ್ಲವೆಂದು ಹೇಳುವುದು ಸಾಹಸವೇ ಸರಿ. ನಮ್ಮ ಮನೆಗಳಲ್ಲಿ ಹಿಂದೆ ಹೊಳೆಯ ಬಗ್ಗಡದ ನೀರನ್ನು ತಿಳಿಗೊಳಿಸುವುದಕ್ಕಾಗಿ ಚಿಲ್ಲದ ಬೀಜವನ್ನು ತೇದು ಹಾಕುತ್ತಿದ್ದರು. ಕತಕವೆಂಬುದು ಅದರ ಸಂಸ್ಕೃತ ನಾಮ. ಆ ಬೀಜವು ನೀರಿಗೆ ಹೊಸ ಗುಣವನ್ನೇನೂ ತರುವುದಿಲ್ಲ. ಕೆಸರನ್ನು ತಳಕ್ಕೆ ಇಳಿಸುವುದಷ್ಟೇ ಅದರ ಕೆಲಸ. ಗಿರಿಧಾಮದ ಮೌನವೂ ಹಾಗೆಯೇ ಸಹಕಾರಿಕಾರಣವಾಗಿರುವುದು. ನಾಲ್ಕು ದಿನ ಅಲ್ಲಿದ್ದರೆ ಮನಸ್ಸಿನ ಕೆಸರು ತಳಕ್ಕೆ ಕೂರುವುದು. ಕೂರುವುದೆಂದೆನೇ ಹೊರತು ಹೋಗುವುದೆನ್ನಲಿಲ್ಲ. ಕೊಡವನ್ನು ಅಲುಗಿಸುತ್ತ ಹಿಂದಿರುಗಿದರೆ ರೈಲು ಏರುವ ಮೊದಲೇ ನೀರು ಪುನಃ ಬಗ್ಗಡವಾಗುವುದು. ಜಾಣೆಯಾದ ಗೃಹಿಣಿಯು ತಿಳಿಯನ್ನು ಬೇರೊಂದು ಪಾತ್ರೆಗೆ ಬಗ್ಗಿಸಿಕೊಂಡು ಕೆಸರನ್ನು ಚೆಲ್ಲುವಳು. ಆ ಬಗ್ಗಿಸಿಕೊಳ್ಳುವ ಕೆಲಸವನ್ನು ಹಿಮಾಲಯವು ನಮಗಾಗಿ ಮಾಡಿಕೊಡಲಾರದು.

ಇನ್ನು ಎರಡನೆಯ ಪ್ರಶ್ನೆ. ಈ ತಿಳಿನೀರು ನಮಗೆ ದೊರೆತುದು ಯಾರಿಂದ? ಪರ್ವತವು ದೇವರದು, ಗಾಳಿಯು ಎಲ್ಲರದು, ಕೊಠಡಿಯ ಬಾಡಿಗೆಯನ್ನು ತೆತ್ತಿದ್ದಾಯಿತು, ಇನ್ನಾರ ಋಣವೆಂದು ಪ್ರಯಾಣಿಕನು ಕೇಳಬಹುದು. ಅದಕ್ಕೆ ಉತ್ತರವನ್ನು ನಾನು ಒಂದು ಪ್ರಾತಃಕಾಲದಲ್ಲಿ ಕಂಡೆನು. ಸೂರ್ಯೋದಯವನ್ನು ನೋಡಲು ಬಂದಿದ್ದ ನಲವತ್ತೈವತ್ತು ಜನರು ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಂತಿದ್ದರು. ತ್ರಿಶೂಲದ ನೆತ್ತಿಯು ಕೆಂಪಾದೊಡನೆ ಎಲ್ಲರ ಕೈಯಲ್ಲಿಯೂ ದೂರವಾಣಿಗಳು ಮೇಲೆದ್ದವು. ಯಾರೋ ಸಿನಿಮಾ ಹಾಡೊಂದನ್ನು ಗಟ್ಟಿಯಾಗಿ ನುಡಿಸಿದರು. ಅದೇ ಹೊತ್ತಿಗೆ ಕೆಳಗಿನ ಇಳಿಜಾರಿನಿಂದ ವಯಸ್ಸಾದ ಹೆಂಗಸೊಬ್ಬಳು ಬೆನ್ನ ಮೇಲೆ ಹುಲ್ಲಿನ ಹೊರೆಯನ್ನು ಹೊತ್ತು ಏರಿ ಬಂದಳು. ದಾರಿಯುದ್ದಕ್ಕೂ ಮೋಟಾರುಗಳು ನಿಂತಿದ್ದುದರಿಂದ ಆಕೆಯು ಹೊರೆಸಹಿತಳಾಗಿಯೇ ಬಾಗಿ ಕಾದು ನಿಂತಳು. ಶಿಖರವು ಬಂಗಾರವಾಗಿ ಅನಂತರ ಬೆಳ್ಳಿಯಾಗುವವರೆಗೂ ಒಬ್ಬರೂ ಸರಿಯಲಿಲ್ಲ. ಆಕೆಯೂ ಯಾರನ್ನೂ ಬೈಯಲಿಲ್ಲ. ಮೋಟಾರುಗಳು ಹೊರಟ ಮೇಲೆ ತನ್ನ ದಾರಿ ಹಿಡಿದು ಹೋದಳು.

ಆ ಬೆಟ್ಟದ ಗ್ರಾಮಗಳಲ್ಲಿ ಹುಲ್ಲು, ಸೌದೆ, ನೀರು ಇವುಗಳ ಭಾರವೆಲ್ಲ ಬಹುತರವಾಗಿ ಹೆಂಗಸರ ಬೆನ್ನ ಮೇಲಿರುವುದು. ತರುಣರಲ್ಲಿ ಅನೇಕರು ಜೀವನೋಪಾಯಕ್ಕಾಗಿ ಬಯಲುನಾಡಿನ ಪಟ್ಟಣಗಳಿಗೆ ಇಳಿದುಹೋಗಿರುವರು. ಎಷ್ಟೋ ಮನೆಗಳ ಕದಗಳಿಗೆ ಬೀಗ ಬಿದ್ದಿದೆ. ಪಟ್ಟಣದಿಂದ ಬಂದವನು “ಎಷ್ಟು ನಿಶ್ಶಬ್ದ!” ಎಂದು ಆನಂದಪಡುವಾಗ, ಆ ನಿಶ್ಶಬ್ದದಲ್ಲಿ ಒಂದು ಭಾಗವು ಮಕ್ಕಳ ಧ್ವನಿಯಿಲ್ಲದ ಅಂಗಳಗಳಿಂದ ಉಂಟಾದುದೆಂಬುದನ್ನು ಅವನು ಅರಿಯನು. ಉಳಿದವರು ಹೊಲವನ್ನು ಉತ್ತು, ಕಾಡನ್ನು ಕಾದು, ಒರತೆಯನ್ನು ಶುದ್ಧವಾಗಿಟ್ಟುಕೊಂಡಿರುವುದರಿಂದಲೇ ಆ ಸ್ಥಳವು ನಮ್ಮ ಕಣ್ಣಿಗೆ ರಮ್ಯವಾಗಿರುವುದು. ಆದಕಾರಣ ಗಿರಿಶಾಂತಿಯು ದೇವರು ಕೊಟ್ಟದ್ದು ಅರ್ಧವಾದರೆ ಮನುಷ್ಯರು ಕಾಪಾಡಿದ್ದು ಅರ್ಧ. ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣಗಳೊಡನೆ ಮನುಷ್ಯಋಣವನ್ನೂ ಎಣಿಸಿರುವರಷ್ಟೆ. ಬಾಡಿಗೆಯಿಂದ ತೀರುವುದು ಕೊಠಡಿಯ ಲೆಕ್ಕ. ಈ ಋಣದ ಲೆಕ್ಕವು ಬೇರೆ.

ಇದನ್ನು ತೀರಿಸುವ ಬಗೆ ಯಾವುದು? ಕೌಸಾನಿಯ ಚರಿತ್ರೆಯಲ್ಲಿಯೇ ಇದಕ್ಕೆ ಎರಡು ಉದಾಹರಣೆಗಳು ದೊರೆಯುವುವು. ೧೯೨೯ನೆಯ ಇಸವಿಯ ಜೂನ್ ತಿಂಗಳಲ್ಲಿ ಮಹಾತ್ಮ ಗಾಂಧಿಯವರು ಕುಮಾವೂಂ ಪ್ರವಾಸದ ಮಧ್ಯೆ ಇಲ್ಲಿಗೆ ವಿಶ್ರಾಂತಿಗಾಗಿ ಬಂದರು. ತಾವು ಗುಜರಾತಿಗೆ ಅನುವಾದಿಸಿದ ಗೀತೆಗೆ ಪ್ರಸ್ತಾವನೆಯನ್ನು ಅವರು ಇಲ್ಲಿ ಬರೆದು ಮುಗಿಸಿದರು. ಅದರ ಕೆಳಗೆ ಜೂನ್ ೨೪ರ ತಾರೀಖಿದೆ. ‘ಅನಾಸಕ್ತಿಯೋಗ’ವೆಂಬ ಆ ಗ್ರಂಥವು ಹೊರಬಂದುದು ೧೯೩೦ನೆಯ ಮಾರ್ಚಿ ೧೨ರಂದು. ಅದೇ ದಿನ ಅವರು ಸಬರಮತಿಯಿಂದ ದಂಡಿಗೆ ಉಪ್ಪಿನ ಸತ್ಯಾಗ್ರಹಕ್ಕಾಗಿ ಕಾಲ್ನಡೆಯಲ್ಲಿ ಹೊರಟರು. ವಿಶ್ರಾಂತಿಯಲ್ಲಿ ಬರೆದುದು ಫಲಾಸಕ್ತಿಯಿಲ್ಲದ ಕರ್ಮವನ್ನು ಕುರಿತು. ಬರೆದ ಒಂಬತ್ತು ತಿಂಗಳೊಳಗಾಗಿ ಅದೇ ಕರ್ಮಕ್ಕೆ ಪ್ರಾರಂಭ. ತಿಳಿಯನ್ನು ಬಗ್ಗಿಸಿಕೊಳ್ಳುವುದೆಂದರೆ ಇದೇ. ಅವರು ತಂಗಿದ್ದ ಮನೆಯು ಈಗ ಅನಾಸಕ್ತಿ ಆಶ್ರಮವೆಂಬ ಹೆಸರಿನಲ್ಲಿರುವುದು.

ಎರಡನೆಯವರು ಸರಳಾ ಬೆಹನ್. ಇವರು ೧೯೦೧ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಗಾಂಧಿಯವರ ಕಾರ್ಯಕ್ಕಾಗಿ ಭಾರತಕ್ಕೆ ಬಂದ ಮಹಿಳೆ. ವಾರ್ಧಾ ಸೀಮೆಯ ಸೆಕೆಯೂ ಮಲೇರಿಯಾ ಜ್ವರವೂ ದೇಹವನ್ನು ಬಾಧಿಸಿದುದರಿಂದ ಕೌಸಾನಿಯ ತಂಪಿಗೆ ಬಂದರು. ಬಂದುದು ನಮ್ಮಂತೆಯೇ ದೇಹಸೌಖ್ಯಕ್ಕಾಗಿ. ಆದರೆ ಬೆನ್ನ ಮೇಲೆ ಹೊರೆ ಹೊತ್ತ ಹೆಂಗಸರನ್ನು ಅವರು ಪಕ್ಕಕ್ಕೆ ನಿಲ್ಲಿಸಲಿಲ್ಲ. ೧೯೪೨ರ ಚಳವಳಿಯಲ್ಲಿ ಬಂಧಿಗಳಾದವರ ಸಂಸಾರಗಳನ್ನು ನೋಡಿಕೊಳ್ಳುತ್ತ ಗ್ರಾಮದಿಂದ ಗ್ರಾಮಕ್ಕೆ ನಡೆದರು. ತಾವೂ ಸೆರೆಮನೆ ಸೇರಿದರು. ೧೯೪೬ರಲ್ಲಿ ಬೆಟ್ಟದ ಹೆಣ್ಣುಮಕ್ಕಳಿಗಾಗಿ ಲಕ್ಷ್ಮೀ ಆಶ್ರಮವೆಂಬ ವಿದ್ಯಾಸ್ಥಾನವನ್ನು ತೆರೆದರು. ಅಲ್ಲಿ ಶಿಕ್ಷಣ ಪಡೆದ ವಿಮಲಾರವರೂ ಅವರ ಪತಿ ಸುಂದರಲಾಲ ಬಹುಗುಣರೂ ಮುಂದೆ ಅರಣ್ಯರಕ್ಷಣೆಗೆ ನಿಂತರು. ೧೯೭೩ರಲ್ಲಿ ಗಢವಾಲದಲ್ಲಿ ಆರಂಭವಾದ ಚಿಪ್ಕೋ ಚಳವಳಿಯಿಂದ ಪ್ರೇರಿತವಾಗಿ ೧೯೮೩ರಲ್ಲಿ ನಮ್ಮ ಶಿರಸಿಯ ಬಳಿಯ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಗಿರಿಯ ಶಾಂತಿಯನ್ನುಂಡವರೊಬ್ಬರು ತೀರಿಸಿದ ಋಣವು ಹೀಗೆ ಸಹ್ಯಾದ್ರಿಯ ತನಕ ಹರಿದು ಬಂದಿತೆಂದರೆ ತಪ್ಪಾಗಲಾರದು.

“ಇವರು ಮಹಾತ್ಮರು, ಹದಿನೈದು ದಿನದ ರಜೆಯಲ್ಲಿ ಹೆಂಡತಿಮಕ್ಕಳೊಡನೆ ಹೋಗಿಬರುವ ಗೃಹಸ್ಥನಿಂದ ಇದನ್ನು ಅಪೇಕ್ಷಿಸಬಹುದೆ?” ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದುದೇ. ಆದರೆ ಋಣವು ಶಕ್ತ್ಯನುಸಾರವಾಗಿ ತೀರಿಸತಕ್ಕದ್ದು. ಶಕ್ತಿಯು ಅಲ್ಪವೆಂಬ ಕಾರಣದಿಂದ ಋಣವೇ ಇಲ್ಲವಾಗದು. ಹೊರೆ ಹೊತ್ತವರಿಗೆ ದಾರಿ ಬಿಡುವುದು, ಧ್ವನಿಯನ್ನು ತಗ್ಗಿಸುವುದು, ದೂರದಿಂದ ಹೊತ್ತು ತಂದ ನೀರೆಂದು ತಿಳಿದು ಮಿತವಾಗಿ ಬಳಸುವುದು, ತಂದ ಕಸವನ್ನು ಹಿಂದಕ್ಕೆ ಒಯ್ಯುವುದು, ಊರವರ ಅಂಗಡಿಯಲ್ಲಿ ಊರವರ ಬೆಳೆಯನ್ನು ನ್ಯಾಯವಾದ ಬೆಲೆಗೆ ಕೊಳ್ಳುವುದು: ಇವುಗಳಲ್ಲಿ ಯಾವುದೂ ಗೃಹಸ್ಥನಿಗೆ ಅಸಾಧ್ಯವಲ್ಲ. ಇವು ಅತಿಥಿಯ ಧರ್ಮಗಳು. ಅತಿಥಿಸತ್ಕಾರವನ್ನು ಕುರಿತು ನಾವು ಮಕ್ಕಳಿಗೆ ಬಹಳವಾಗಿ ಬೋಧಿಸುತ್ತೇವೆ. ಅತಿಥಿಯಾದವನು ಹೇಗಿರಬೇಕೆಂಬುದನ್ನು ಅಷ್ಟಾಗಿ ಬೋಧಿಸುವುದಿಲ್ಲ.

ಇದಕ್ಕಿಂತಲೂ ಮುಖ್ಯವಾದ ಭಾಗವು ಹಿಂದಿರುಗಿದ ಮೇಲಿನದು. ಬೆಟ್ಟದ ಮೇಲೆ ತಿಳಿಯಾದ ಮನಸ್ಸಿಗೆ ಬಹುದಿನದಿಂದ ಮುಂದೂಡಿದ ಒಂದಾದರೂ ಕರ್ತವ್ಯವು ಸ್ಪಷ್ಟವಾಗಿ ಕಾಣದೆ ಇರದು. ಮಾತು ಬಿಟ್ಟ ಅಣ್ಣನ ಮನೆಯ ಬಾಗಿಲಿರಬಹುದು, ಸಲ್ಲಿಸದೆ ಉಳಿದ ಸಾಲವಿರಬಹುದು, ಬೀದಿಯ ಬಾವಿಯ ಹೂಳಿರಬಹುದು. ಕಂಡುದನ್ನು ಊರಿಗೆ ಬಂದು ಮಾಡಿದರೆ ಯಾತ್ರೆಯು ಸಾರ್ಥಕ. ಮಾಡದೆ, ಅಲ್ಲಿನ ಶಾಂತಿಯನ್ನು ನೆನೆದು ಇಲ್ಲಿನ ಗಲಭೆಯನ್ನು ನಿಂದಿಸುತ್ತ ಕುಳಿತರೆ, ಮುಂದಿನ ವರ್ಷ ಇನ್ನೂ ಎತ್ತರದ, ಇನ್ನೂ ನಿಶ್ಶಬ್ದವಾದ ಊರು ಬೇಕಾಗುವುದು. ಅಲ್ಲಿಗೂ ರಸ್ತೆ, ಮೋಟಾರು, ಹಾಡು ಬೆನ್ನಟ್ಟಿ ಬರುವುವು. ಶಾಂತಿಯನ್ನು ಭೋಗ್ಯವೆಂದು ತಿಳಿದವನು ಅದನ್ನು ಸ್ಥಳದಿಂದ ಸ್ಥಳಕ್ಕೆ ಓಡಿಸುತ್ತಲೇ ಇರುವನು. ಋಣವೆಂದು ತಿಳಿದವನಾದರೋ ಒಮ್ಮೆ ಪಡೆದುದನ್ನೇ ತನ್ನ ಊರಿನಲ್ಲಿ ಹತ್ತಾರು ಜನಕ್ಕೆ ಹಂಚಬಲ್ಲನು. ಅಂಥವನಿಗೆ ಪುನಃ ಹಿಮಾಲಯಕ್ಕೆ ಹೋಗುವ ಅಧಿಕಾರವೂ ಉಂಟು, ಹೋಗದೆ ಇರುವ ಸ್ವಾತಂತ್ರ್ಯವೂ ಉಂಟು.